ಡೀಸೆಲ್, ಟೈರ್ ಕಳೆದು ಕೈಗೆ ಏನೂ ಉಳಿಯುತ್ತಿಲ್ಲ. ಒಂದೇ ಲಾರಿ ಇರುವವರು ಲೆಕ್ಕ ಹೇಗೆ ಇಡುತ್ತೀರಿ?

ಕಾರಟಗಿ ಹತ್ತು ಚಕ್ರ:
ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಹತ್ತು ಚಕ್ರದ ಗಾಡಿ. ನಾನೇ ಮಾಲೀಕ, ನಾನೇ ಡ್ರೈವರ್. ಇಲ್ಲಿನ ರೈಸ್ ಮಿಲ್‌ಗಳಿಂದ ಅಕ್ಕಿ ತುಂಬಿಕೊಂಡು ಬೆಂಗಳೂರು, ಕೆಲವೊಮ್ಮೆ ಹೈದರಾಬಾದ್ ಕಡೆ ಹೋಗುತ್ತೇನೆ. ಬಾಡಿಗೆ ಕೈಗೆ ಬಂದಾಗ ಚೆನ್ನಾಗೇ ಕಾಣುತ್ತದೆ. ಡೀಸೆಲ್, ಟೋಲ್, ಊಟ ಕಳೆದು ಕಂತು ಕಟ್ಟಿ ಮನೆಗೆ ಕೊಡುವಷ್ಟರಲ್ಲಿ ಕ್ಲಚ್ ಪ್ಲೇಟ್ ಹೋಗಿರುತ್ತದೆ, ಇಲ್ಲಾ ಒಟ್ಟಿಗೆ ಎರಡು ಟೈರ್ ಬೇಕಾಗಿರುತ್ತದೆ, ಮತ್ತೆ ಸಾಲ. ಲೀಟರ್‌ಗೆ 4 ಕಿಲೋಮೀಟರ್ ಆಸುಪಾಸು ಕೊಡುತ್ತಿದೆ, ಇದು ಕಡಿಮೆಯಾ? ರಿಪೇರಿಗೆ ಅಂತ ತಿಂಗಳಿಗೆ ಎಷ್ಟು ತೆಗೆದಿಡಬೇಕು?

ಸಂಡೂರು ಗಾಡಿ:
ತಮ್ಮಾ, ತಿಂಗಳ ಲೆಕ್ಕ ಬಿಡು, ಕಿಲೋಮೀಟರ್ ಲೆಕ್ಕ ಹಿಡಿ. ಟೈರ್ ಸವೆಯುವುದು ಕ್ಯಾಲೆಂಡರ್ ನೋಡಿಕೊಂಡಲ್ಲ. ಹೊಸ ಟೈರ್ ಒಂದಕ್ಕೆ 20 ಸಾವಿರ ಅಂತ ಹಿಡಿ, ಹತ್ತಕ್ಕೆ 2 ಲಕ್ಷ, 80 ಸಾವಿರ ಕಿಲೋಮೀಟರ್ ಬಾಳಿಕೆ ಬಂದರೆ ಟೈರ್‌ಗೇ ಕಿಲೋಮೀಟರ್‌ಗೆ ಎರಡೂವರೆ ರೂಪಾಯಿ ಆಯ್ತು. ಆಯಿಲ್, ಫಿಲ್ಟರ್, ಬ್ರೇಕ್ ಲೈನರ್, ಕ್ಲಚ್, ಸ್ಪ್ರಿಂಗ್ ಪ್ಲೇಟ್ ಸೇರಿಸಿದರೆ ಹಳೇ ಗಾಡಿಗೆ 5 ರೂಪಾಯಿ ಎತ್ತಿಡಲೇಬೇಕು. 700 ಕಿಲೋಮೀಟರ್ ಓಡಿ ಬಂದೆಯಾ, 3,500 ಬೇರೆ ಖಾತೆಗೆ. ಅದು ನಿನ್ನ ದುಡ್ಡೇ ಅಲ್ಲ, ಗಾಡಿಯದ್ದು. ಮನೆಯವರಿಗೆ ಆ ಖಾತೆ ಇದೆ ಅಂತಲೂ ಗೊತ್ತಾಗಬಾರದು (ನಮ್ಮಲ್ಲಿ ಗೊತ್ತಾಗಿದೆ, ಅದು ಬೇರೆ ವಿಷಯ).

ಇನ್ಶೂರೆನ್ಸ್, ಟ್ಯಾಕ್ಸ್, ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್) ಮಾತ್ರ ಗಾಡಿ ನಿಂತರೂ ಬರುವ ಖರ್ಚು. ವರ್ಷದ್ದನ್ನು ಕೂಡಿಸಿ ಹನ್ನೆರಡು ಭಾಗ ಮಾಡಿ ತಿಂಗಳಿಗೆ ಹಾಕು. ಕೈಲಾದರೆ ಎರಡು ಮೂರು ಕಂತಿನಷ್ಟು ದುಡ್ಡೂ ಮುಟ್ಟದೆ ಇಡು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿದಾಗ ನಮ್ಮ ಕಡೆ ಸಾಲು ಸಾಲು ಗಾಡಿ ನಿಂತವು, ಫೈನಾನ್ಸ್‌ನವರು ನಿಲ್ಲಲಿಲ್ಲ. ನಿಮಗೂ ಅಷ್ಟೇ, ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಮಿಲ್ ಲೋಡು ಎಲ್ಲಿಂದ ಬರುತ್ತೆ?

ರಾಯಚೂರು ರೋಡ್:
ಡೀಸೆಲ್ ಬಗ್ಗೆ ನಾನು ಹೇಳುತ್ತೇನೆ. "4 ಆಸುಪಾಸು" ಅನ್ನೋದು ಲೆಕ್ಕ ಅಲ್ಲ ಸರ್. ಒಂದೇ ಪಂಪ್‌ನಲ್ಲಿ ಟ್ಯಾಂಕ್ ಫುಲ್ ಮಾಡಿ ಮೀಟರ್ ಬರೆದುಕೊಳ್ಳಿ, ಟ್ರಿಪ್ ಮುಗಿಸಿ ಬಂದು ಅಲ್ಲೇ ಫುಲ್ ಮಾಡಿ, ಆಗ ಹಿಡಿದಷ್ಟು ಲೀಟರ್‌ನಿಂದ ಓಡಿದ ಕಿಲೋಮೀಟರ್ ಭಾಗಿಸಿ. ಖಾಲಿ ಬಂದ ಟ್ರಿಪ್ ಬೇರೆ ಬರೆಯಿರಿ, ಇಲ್ಲದಿದ್ದರೆ ಮೈಲೇಜ್ ಸುಮ್ನೆ ಜಾಸ್ತಿ ಕಾಣುತ್ತದೆ. ಲೋಡ್ ಮೇಲೆ ಹತ್ತು ಚಕ್ರಕ್ಕೆ 4 ತೀರಾ ಕೆಟ್ಟದ್ದೇನಲ್ಲ. ಆದರೆ ತಿಂಗಳಿಗೆ 6,000 ಕಿಲೋಮೀಟರ್ ಓಡಿದರೆ 1,500 ಲೀಟರ್ ಬೇಕು. ಅದೇ 4.3 ಬಂದರೆ 1,395 ಲೀಟರ್ ಸಾಕು. ಲೀಟರ್ 90 ಅಂತ ಹಿಡಿದರೂ 9 ಸಾವಿರದ ಮೇಲೆ ಉಳಿಯಿತು ಅಲ್ವಾ?

ಆ 0.3 ಬರುವುದು ಆಕ್ಸಿಲರೇಟರ್ ಒತ್ತುವ ಕಾಲಿನಿಂದ. 55–60ರಲ್ಲಿ ಒಂದೇ ಸಮ ಓಡಿಸಿ. ಮಿಲ್ ಗೇಟ್ ಮುಂದೆ ಸಾಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡಿ. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿ. ನಮ್ಮ ಬಿಸಿಲಲ್ಲಿ ಓಡಿ ಬಂದ ಟೈರ್‌ನಲ್ಲಿ ಪ್ರೆಷರ್ ಏರಿಯೇ ಇರುತ್ತೆ, ಜಾಸ್ತಿ ಆಯ್ತು ಅಂತ ಗಾಳಿ ಬಿಟ್ಟರೆ ರಾತ್ರಿ ತಣ್ಣಗಾದಾಗ ಕಡಿಮೆ ಬೀಳುತ್ತದೆ. ಕಡಿಮೆ ಗಾಳಿಯಲ್ಲಿ ಲೋಡ್ ಎಳೆದರೆ ಡೀಸೆಲ್ಲೂ ಹೋಯ್ತು ಟೈರೂ ಹೋಯ್ತು. ಏರ್ ಫಿಲ್ಟರ್ ಮರೆಯಬೇಡಿ, ಮಿಲ್ ಹೊಟ್ಟಿನ ಧೂಳು ಕಡಿಮೆಯೇನಲ್ಲ.

ಹೈದರಾಬಾದ್ ಕಡೆ ಹೋಗುವಾಗ ಶಕ್ತಿನಗರದಲ್ಲಿ ಕೃಷ್ಣಾ ಸೇತುವೆ ದಾಟಿ ತೆಲಂಗಾಣಕ್ಕೆ ಹೋಗುವ ಮುಂಚೆಯೇ ಟ್ಯಾಂಕ್ ತುಂಬಿಸಿ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದವರು ಡೀಸೆಲ್ ತೆರಿಗೆ ಏರಿಸಿ ಲೀಟರ್‌ಗೆ 2 ರೂಪಾಯಿ ಜಾಸ್ತಿ ಮಾಡಿದರು, ಲಾರಿ ಮುಷ್ಕರವೂ ಆಯಿತು, ಆದರೂ ತೆಲಂಗಾಣ, ಆಂಧ್ರಕ್ಕಿಂತ ನಮ್ಮ ಕಡೆಯೇ ಅಗ್ಗ ಇತ್ತು. ಇನ್ನೊಂದು, ಟ್ರಾನ್ಸ್‌ಪೋರ್ಟ್ ಆಫೀಸ್‌ನವರು ಅಡ್ವಾನ್ಸ್ ಬದಲು ಡೀಸೆಲ್ ಚೀಟಿ ಕೊಟ್ಟರೆ ಯಾವ ಪಂಪ್, ಯಾವ ರೇಟ್ ಅಂತ ಮೊದಲೇ ಕೇಳಿ. ಉದ್ರಿ ಡೀಸೆಲ್‌ನಲ್ಲಿ ನಿಜವಾದ ರೇಟ್ ಕೊನೆಗೆ ಗೊತ್ತಾಗುವುದು.

ಗಂಗಾವತಿ ಎಕ್ಸ್‌ಪ್ರೆಸ್:
ಇದೆಲ್ಲ ಪುಸ್ತಕದ ಮಾತು. ಬಾಡಿಗೆ ಏರಲ್ಲ, ಡೀಸೆಲ್ ಇಳಿಯಲ್ಲ. ಎರಡು ಟನ್ ಜಾಸ್ತಿ ಹಾಕಿ, ಎಲ್ಲರೂ ಹಾಕುತ್ತಾರೆ. ಆ ದುಡ್ಡೇ ಉಳಿಯುವುದು.

ಸಂಡೂರು ಗಾಡಿ:
ಹಾಕಿ, ನಿಮ್ಮ ಗಾಡಿ. 2018ರಲ್ಲೇ ಹತ್ತು ಚಕ್ರಕ್ಕೆ ಗಾಡಿ ತೂಕ ಸೇರಿ 25 ಟನ್ ಇದ್ದದ್ದು 28.5 ಮಾಡಿದ್ದಾರೆ. ಅದರ ಮೇಲೆ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ ದಂಡ 20 ಸಾವಿರ, ಜಾಸ್ತಿ ಇರುವ ಪ್ರತಿ ಟನ್‌ಗೆ ಮತ್ತೆ 2 ಸಾವಿರ, ಹೆಚ್ಚುವರಿ ಮಾಲು ಇಳಿಸುವ ಖರ್ಚೂ ನಿಮ್ಮದೇ. ಎರಡು ಟನ್ ಬಾಡಿಗೆ ಎಷ್ಟು ಬರುತ್ತೆ, ನೀವೇ ಹೇಳಿ. ಸಿಕ್ಕಿಬೀಳದಿದ್ದರೂ ಸ್ಪ್ರಿಂಗ್ ಪ್ಲೇಟ್, ಟೈರ್, ಬ್ರೇಕ್ ಲೈನರ್ ಬೇಗ ಹೋಗುತ್ತವೆ. ಎಲ್ಲರೂ ಹಾಕುವುದರಿಂದಲೇ ಬಾಡಿಗೆ ಏರಲ್ಲ ಅನ್ನೋದೂ ಒಂದು ಇದೆ.

ಕಾರಟಗಿ ಹತ್ತು ಚಕ್ರ:
ಧನ್ಯವಾದ ಅಣ್ಣಾ. 5 ರೂಪಾಯಿ ಲೆಕ್ಕ ಇವತ್ತಿನ ಟ್ರಿಪ್‌ನಿಂದಲೇ ಶುರು. ಬೆಂಗಳೂರಿಂದ ವಾಪಸ್ ಲೋಡಿಗೆ ಬ್ರೋಕರ್ ತೀರಾ ಕಡಿಮೆ ಹೇಳುತ್ತಾನೆ, ಎಷ್ಟಕ್ಕೆ ಒಪ್ಪಬೇಕು? ಮತ್ತೆ ಸವೆದ ಟೈರ್ ಮೇಲೆ ಹೊಸ ರಬ್ಬರ್ ಹಾಕಿಸಬಹುದಾ (ರೀಟ್ರೆಡ್)?

ರಾಯಚೂರು ರೋಡ್:
ಖಾಲಿ ಬಂದರೂ ಡೀಸೆಲ್, ಟೋಲ್ ಹೋಗೇ ಹೋಗುತ್ತೆ. ಹಾಗಾಗಿ ಆ ಖರ್ಚು ಪೂರ್ತಿ ಬಂದು, ಗಾಡಿ ಖಾತೆಯ 5 ರೂಪಾಯಿಯೂ ಬಂದರೆ ಒಪ್ಪಿಕೊಳ್ಳಿ. ಲೋಡಿಗೆ ಎರಡು ದಿನ ಕಾಯಬೇಕು ಅಂದರೆ ಬೇಡ, ಆ ಎರಡು ದಿನದಲ್ಲಿ ಊರಿಂದ ಇನ್ನೊಂದು ಲೋಡ್ ಹೊರಡುತ್ತದೆ. ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಿದ್ದರೆ ಪ್ಯಾನ್ ಜೊತೆ ಡಿಕ್ಲರೇಷನ್ ಬರೆದುಕೊಡಿ, ಹತ್ತು ಗಾಡಿವರೆಗೆ ಇರುವವರಿಗೆ ಹಿಡಿಯುವಂತಿಲ್ಲ.

ರಬ್ಬರ್ ಹಾಕಿಸಿ, ಆದರೆ ಟೈರ್ ಪೂರ್ತಿ ಬೋಳಾಗುವ ಮುಂಚೆ ಬಿಚ್ಚಿದರೆ ಮಾತ್ರ ಒಳಗಿನ ಕೇಸಿಂಗ್ (ಟೈರ್‌ನ ಮೂಲ ಕವಚ) ಚೆನ್ನಾಗಿರುತ್ತದೆ. ಹಾಕಿಸಿದ್ದು ಹಿಂದಕ್ಕೆ ಮಾತ್ರ. ಮುಂದಿನ ಎರಡಕ್ಕೆ ಯಾವಾಗಲೂ ಹೊಸದೇ ಇರಲಿ, ಸ್ವಲ್ಪ ಸವೆದ ಮೇಲೆ ಅವನ್ನೇ ಹಿಂದಕ್ಕೆ ತಳ್ಳಿ. ಹಿಂದಿನ ಜೋಡಿ ಟೈರ್ ಮಧ್ಯೆ ಕಲ್ಲು ಸಿಕ್ಕಿದೆಯಾ ಅಂತಲೂ ನಿಲ್ಲಿಸಿದಾಗಲೆಲ್ಲ ಒಮ್ಮೆ ನೋಡಿ.