ಜಪಾನಿನಲ್ಲಿ ಹೊಸವರ್ಷದ ಊಟಕ್ಕೆ ಕರೆದಿದ್ದಾರೆ, ನಾವು ಸಸ್ಯಾಹಾರಿಗಳು. ಏನು ಮಾಡೋದು?

ಪ್ರಶ್ನೆ: ಟೋಕಿಯೊಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮೆಜಮಾನ್ರ ಆಫೀಸಿನವರೊಬ್ಬರು ಜನವರಿ 1ಕ್ಕೆ ಮನೆಗೆ ಕರೆದಿದ್ದಾರೆ. ನಾವು ಮೊಟ್ಟೆನೂ ಮುಟ್ಟಲ್ಲ. ಅಲ್ಲಿ ಏನು ತಿನ್ನಬಹುದು? ಅವರ ಮಕ್ಕಳಿಗೆ ಏನು ಕೊಡಬೇಕು? ಗೊತ್ತಿರೋರು ಹೇಳಿ.

ಯೊಕೊಹಾಮಾದಿಂದ: ಈಗಲೇ ಹೇಳಿಬಿಡಿ ಮೇಡಂ. ಓಸೆಚಿ ಅನ್ನೋ ಹಬ್ಬದಡುಗೆಯನ್ನ 31ರೊಳಗೇ ಮಾಡಿ, ಇಲ್ಲಾ ಅಂಗಡಿಯಿಂದ ತರಿಸಿ, ಒಂದರ ಮೇಲೊಂದು ಕೂರೋ ಡಬ್ಬಿಗಳಲ್ಲಿ ಜೋಡಿಸಿಟ್ಟಿರ್ತಾರೆ. ಅವತ್ತು ಹೋಗಿ ಹೇಳಿದ್ರೆ ಅವರಿಗೂ ಮುಜುಗರ. "ಮಾಂಸ ತಿನ್ನಲ್ಲ" ಅಂದ್ರೆ ಸಾಲದು, ಎಷ್ಟೋ ಜನರ ಲೆಕ್ಕದಲ್ಲಿ ಮೀನು ಮಾಂಸಕ್ಕೆ ಸೇರಲ್ಲ. ಮೀನಿನ ದಾಶಿ (ಮೀನು ಬೇಯಿಸಿ ಸೋಸಿದ ನೀರು, ಅಡುಗೆಗೆ ಹಾಕ್ತಾರೆ) ಬೇಡ, ಕೊಂಬು ಅನ್ನೋ ಕಡಲಪಾಚಿ ದಾಶಿ ಆಗುತ್ತೆ ಅಂತ ಬಿಡಿಸಿ ಹೇಳಿ.

ಡಬ್ಬಿಯಲ್ಲಿ ನಿಮಗೆ ಸಿಗೋದು ಕುರೊಮಾಮೆ: ಸಕ್ಕರೆ ಪಾಕದಲ್ಲಿ ಬೆಂದ ಕಪ್ಪು ಸೋಯಾ ಕಾಳು, ಸಿಪ್ಪೆ ಒಂಚೂರೂ ಸುಕ್ಕಾಗದೆ ಮಿರಮಿರ ಅಂತಿರುತ್ತೆ. ಕಪ್ಪು ನಿಲ್ಲಲಿ ಅಂತ ಹಳಬರು ಬೇಯಿಸುವಾಗ ತುಕ್ಕು ಹಿಡಿದ ಮೊಳೆ ಹಾಕ್ತಿದ್ರು! ಗೆಣಸಿನ ಹೂರಣದಂಥ ಕುರಿ ಕಿಂತೊನ್ ಕೂಡ ಆಗುತ್ತೆ, ಹೆದರಬೇಡಿ, ಜಪಾನಿಯಲ್ಲಿ ಕುರಿ ಅಂದ್ರೆ ಚೆಸ್ಟ್‌ನಟ್ ಕಾಯಿ. ಹಳದಿ ಸುರುಳಿ ದಾತೆಮಾಕಿ ನೋಡಿ ಕೇಕ್ ಅಂದ್ಕೋಬೇಡಿ, ಅದು ಮೊಟ್ಟೆ ಮತ್ತು ಮೀನು. ಗುಲಾಬಿ-ಬಿಳಿ ಹೋಳು ಕಾಮಾಬೊಕೊನೂ ಮೀನೇ. ಮೂಲಂಗಿ-ಕ್ಯಾರೆಟ್ಟಿನ ನಾಮಾಸುಗೆ ಕೆಲವರು ದಾಶಿ ಹಾಕ್ತಾರೆ, ಕೇಳಿಯೇ ತಗೊಳ್ಳಿ.

ಕ್ಯೋತೊದಿಂದ: ಓಜೋನಿ ಮರೆತ್ರಿ, ಅದು ಮೋಚಿ ಅನ್ನೋ ಅಂಟಕ್ಕಿ ಕಡುಬು ಹಾಕಿದ ಹೊಸವರ್ಷದ ಸಾರು. ನಮ್ಮ ಕಡೆ ಬಿಳಿ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್), ದುಂಡು ಮೋಚಿ. ಟೋಕಿಯೊ ಕಡೆ ಸುಟ್ಟ ಚೌಕ ಮೋಚಿ, ತಿಳಿಸಾರು, ಹೆಚ್ಚಾಗಿ ಕೋಳಿ ಇರುತ್ತೆ. ಸಾರು ಬಿಡಿ, ಸುಟ್ಟ ಮೋಚಿಗೆ ಸೋಯಾ ಸಾಸ್ ಹಚ್ಚಿ ಕೊಡಿ ಅನ್ನಿ. ಮಕ್ಕಳಿಗೂ ವಯಸ್ಸಾದವರಿಗೂ ಚಿಕ್ಕ ಚೂರು ಮಾಡಿ ಕೊಡಬೇಕು, ಅದು ಗಂಟಲಿಗೆ ಸಿಕ್ಕಿ ಪ್ರಾಣಕ್ಕೇ ಬರುತ್ತೆ.

ಚಿಬಾದಿಂದ: ಮಕ್ಕಳಿಗೆ ಓತೊಶಿದಾಮಾ, ಅಂದ್ರೆ ಪುಟ್ಟ ಕವರಿನಲ್ಲಿ ದುಡ್ಡು. ಹೊಸ ನೋಟೇ ಆಗಬೇಕು. ಬ್ಯಾಂಕು 31ರಿಂದ 3ರವರೆಗೆ ಮುಚ್ಚಿರುತ್ತೆ, ಮುಂಚೆನೇ ತಂದಿಡಿ. 101 ಮಾಡೋ ನಮ್ಮ ಪದ್ಧತಿ ಇಲ್ಲಿಲ್ಲ. ಇನ್ನೊಂದು: ಆ ವರ್ಷ ಮನೇಲಿ ಸಾವಾಗಿದ್ರೆ ಅವರು ಹೊಸವರ್ಷದ ಶುಭಾಶಯ ಹೇಳಲ್ಲ, ಕಾರ್ಡೂ ಕಳಿಸಲ್ಲ. ಊಟಕ್ಕೇ ಕರೆದಿದ್ದಾರೆ ಅಂದ್ಮೇಲೆ ನಿಮಗೆ ಆ ಚಿಂತೆ ಇಲ್ಲ ಅನ್ಸುತ್ತೆ. 7ನೇ ತಾರೀಕು ಏಳು ಸೊಪ್ಪಿನ ಗಂಜಿ ಮಾಡ್ತಾರೆ, ಸೊಪ್ಪಿನ ಪ್ಯಾಕೆಟ್ ಸೂಪರ್‌ಮಾರ್ಕೆಟ್ಟಲ್ಲೇ ಸಿಗುತ್ತೆ. ಅವತ್ತು ಅವರನ್ನ ನಿಮ್ಮನೆಗೆ ಕರೀರಿ.

ಪ್ರಶ್ನೆ ಕೇಳಿದವರು: ಎಲ್ರಿಗೂ ಥ್ಯಾಂಕ್ಸ್. ಇವತ್ತೇ ಹೇಳಿದ್ವಿ. ಪರವಾಗಿಲ್ಲ, ಬರೀ ತರಕಾರಿನೇ ಮಾಡ್ತೀವಿ ಅಂದ್ರು. ಆಮೇಲೆ ಕೇಳಿದ್ರು: ಮೇಲೆ ಒಂಚೂರು ಒಣಮೀನಿನ ಪುಡಿ ಉದುರಿಸಬಹುದಾ?