‘ಪ್ರಪಂಚ ಪಾಶ್’ (1929): ನೇರ ಸಂಗೀತದೊಂದಿಗೆ ತೋರಿಸಲು ವೇಗ, ಚೌಕಟ್ಟು, ಕನ್ನಡ ಬರಹ ಹೇಗೆ?

ಚಿತ್ರಮಿತ್ರ:
ಮೈಸೂರಿನಲ್ಲಿ ನಮ್ಮ ಸಣ್ಣ ಚಿತ್ರ ಸಂಘದಿಂದ ಫ್ರಾಂಜ್ ಆಸ್ಟೆನ್ ನಿರ್ದೇಶಿಸಿದ ಮೂಕಿ ಚಿತ್ರ ‘ಪ್ರಪಂಚ ಪಾಶ್’ ಅಥವಾ ‘ಎ ಥ್ರೋ ಆಫ್ ಡೈಸ್’ ತೋರಿಸಬೇಕೆಂದಿದ್ದೇವೆ. ಜೂಜಿನ ಹುಚ್ಚಿನ ಇಬ್ಬರು ರಾಜರು, ರಂಜಿತ್ ಮತ್ತು ಸೋಹತ್, ನಡುವೆ ಆಶ್ರಮದ ಸುನೀತಾ. ಜೈಪುರ, ಉದಯಪುರಗಳ ಜೊತೆ ಮೈಸೂರು ಅರಮನೆಯೂ ಈ ಚಿತ್ರಕ್ಕೆ ನೆರವಾಗಿತ್ತು. ವೀಣೆ, ಪಿಟೀಲು, ಮೃದಂಗ ನೇರವಾಗಿ ನುಡಿಸುತ್ತಾರೆ. ಪರದೆ 16 ಅಡಿ ಅಗಲ, 9 ಅಡಿ ಎತ್ತರ. ಕೈಗೆ ಸಿಕ್ಕ ಪ್ರತಿಯಲ್ಲಿ ಎಲ್ಲರೂ ಓಡುನಡಿಗೆಯಲ್ಲಿ ಕಾಣುತ್ತಾರೆ, ಯಾಕೆ? ಚಿತ್ರ ಪರದೆ ತುಂಬಬೇಕೆ? ದೃಶ್ಯಗಳ ನಡುವೆ ಬರುವ ಇಂಗ್ಲಿಷ್ ಬರಹಗಳನ್ನು ಕನ್ನಡದಲ್ಲಿ ಕೊಡುವುದು ಹೇಗೆ?

ರೀಲುಪೆಟ್ಟಿಗೆ:
ಓಡುನಡಿಗೆಗೆ ಕಾರಣ ವೇಗ. ಮೂಕಿ ಕಾಲದಲ್ಲಿ ಸೆಕೆಂಡಿಗೆ ಇಂತಿಷ್ಟೇ ಫ್ರೇಮು (ಫಿಲ್ಮಿನ ಬಿಡಿ ಚಿತ್ರ) ಎಂಬ ಕಟ್ಟುನಿಟ್ಟು ಇರಲಿಲ್ಲ. 18 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ವೇಗ ಮೂರನೇ ಒಂದು ಪಾಲು ಏರುತ್ತದೆ. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು. ಹಾಗಾಗಿ 1,000 ಅಡಿಯ ರೀಲು 24ರಲ್ಲಿ 11 ನಿಮಿಷಕ್ಕೆ ಮುಗಿದರೆ 20ರಲ್ಲಿ 13 ನಿಮಿಷ 20 ಸೆಕೆಂಡು, 18ರಲ್ಲಿ ಹೆಚ್ಚುಕಡಿಮೆ 15 ನಿಮಿಷ ಓಡುತ್ತದೆ.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂಸ್ಕರಿಸಿದ ಪ್ರತಿ ಸುಮಾರು 74 ನಿಮಿಷದ್ದು. ನಿಮ್ಮದು 62 ನಿಮಿಷ ಇದ್ದರೆ, ದೃಶ್ಯಗಳು ಯಾವುವೂ ಬಿಟ್ಟುಹೋಗಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆಮೇಲೆ ಪ್ಲೇಯರಿನಲ್ಲಿ ವೇಗವನ್ನು 0.84ಕ್ಕೆ ಇಳಿಸಿ. ದೃಶ್ಯ ಕಳೆದುಹೋದ ಪ್ರತಿಯನ್ನು ನಿಧಾನಿಸಿದರೆ ಆನೆಗಳು ನೀರಿನೊಳಗೆ ನಡೆದಂತೆ ಕಾಣುತ್ತವೆ. ಆದರೂ ನನ್ನ ಮಾತು ಕೇಳಿ, ಸಂಸ್ಕರಿಸಿದ ಪ್ರತಿಗೇ ಅನುಮತಿ ಕೇಳಿ. ಅದರಲ್ಲಿರುವ ನಿತಿನ್ ಸಾಹ್ನಿ ಅವರ ಸಂಗೀತವನ್ನು ಮುಚ್ಚಿ ನಿಮ್ಮದನ್ನು ನುಡಿಸುವುದಾಗಿ ಪತ್ರದಲ್ಲೇ ಬರೆಯಿರಿ.

ಪರದೆ ತುಂಬಿಸಲೇಬೇಡಿ. ಚೌಕಟ್ಟು 4:3. ನಿಮ್ಮ 9 ಅಡಿ ಎತ್ತರಕ್ಕೆ ಚಿತ್ರ 12 ಅಡಿ ಅಗಲ ಬರುತ್ತದೆ, ಎರಡೂ ಬದಿ ಎರಡೆರಡು ಅಡಿ ಕಪ್ಪು ಉಳಿಯುತ್ತದೆ. ಉಳಿಯಲಿ. ಜೂಮ್ ಮಾಡಿ 16 ಅಡಿಗೆ ಎಳೆದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ: ಅಂಬಾರಿಯಲ್ಲಿ ಕೂತವರ ಪೇಟ, ಬರಹದ ಮೊದಲ ಸಾಲು. 10,000 ಜನ, 1,000 ಕುದುರೆ ಕೂಡಿಸಿ ತೆಗೆದ ಮೆರವಣಿಗೆಯನ್ನು ನಾವೇ ಕತ್ತರಿಸಬಾರದು. ಪ್ರೊಜೆಕ್ಟರಿನಲ್ಲಿ ಮೋಷನ್ ಸ್ಮೂದಿಂಗ್ ಇದ್ದರೆ ಅದನ್ನೂ ಆಫ್ ಮಾಡಿ. ಅದು ಇಲ್ಲದ ಫ್ರೇಮುಗಳನ್ನು ಹುಟ್ಟಿಸಿ ಮುಖಗಳನ್ನು ಮೇಣದಂತೆ ಮಾಡಿಬಿಡುತ್ತದೆ.

ಎರಡನೇಕಾಲ:
ಸಂಗೀತದ ಬಗ್ಗೆ. 74 ನಿಮಿಷವನ್ನು 12-14 ತುಂಡು ಮಾಡಿ, ಪ್ರತಿ ತುಂಡಿಗೂ ಆರಂಭದ ದೃಶ್ಯ, ಕಾಲ, ರಾಗ ಬರೆದ ಒಂದೇ ಹಾಳೆ ಇಟ್ಟುಕೊಳ್ಳಿ. ಗಡಿಯಾರ ನೋಡಿ ರಾಗ ಬದಲಿಸಬೇಡಿ, ದೃಶ್ಯ ನೋಡಿ ಬದಲಿಸಿ. ಆಶ್ರಮಕ್ಕೆ ಮೋಹನ, ರಂಜಿತ್-ಸುನೀತಾ ಇಬ್ಬರೇ ಇರುವಲ್ಲಿ ಖಮಾಚ್ ಅಥವಾ ಬೇಹಾಗ್ ಚೆನ್ನಾಗಿ ಕೂರುತ್ತವೆ. ಆದರೆ ಆಲಾಪನೆಯಷ್ಟೇ ಸಾಕು. ಪರಿಚಿತ ಕೃತಿ ಎತ್ತಿಕೊಂಡರೆ ಸಭಿಕರು ಮನಸ್ಸಿನಲ್ಲೇ ಸಾಹಿತ್ಯ ಹಾಡಿಕೊಳ್ಳುತ್ತಾರೆ, ಚಿತ್ರ ಹಿಂದೆ ಸರಿಯುತ್ತದೆ.

ಪಗಡೆಯ ದೃಶ್ಯದಲ್ಲೇ ಹೆಚ್ಚಿನವರು ಎಡವುವುದು. ದಾಳ ಉರುಳಿದಾಗಲೆಲ್ಲ ಮೃದಂಗ ಬಾರಿಸಿದರೆ ಎರಡು ನಿಮಿಷಕ್ಕೆ ಬೇಸರ ಬರುತ್ತದೆ. ಸೋಹತ್‌ನ ದಾಳ ಮೋಸದ್ದೆಂದು ನೋಡುವವರಿಗೆ ಗೊತ್ತು, ರಂಜಿತನಿಗೆ ಗೊತ್ತಿಲ್ಲ. ಬಿಗಿಯೆಲ್ಲ ಇರುವುದು ಅಲ್ಲಿ. ತಂಬೂರಿ ಶ್ರುತಿಯೊಂದನ್ನೇ ಬಿಟ್ಟು ಉಳಿದವರು ಕೈ ಕಟ್ಟಿ ಕೂರಲಿ.

ವಾದ್ಯದವರು ಪರದೆಯ ಪಕ್ಕದಲ್ಲಿ, ಪರದೆ ಕಾಣುವ ಹಾಗೆ ಓರೆಯಾಗಿ ಕೂರಬೇಕು. ಹಾಳೆಯ ದೀಪಕ್ಕೆ ಕಪ್ಪು ಕಾಗದದ ಮರೆ ಕಟ್ಟಿ. ಇಲ್ಲದಿದ್ದರೆ ರಾತ್ರಿಯ ದೃಶ್ಯಗಳ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಚಿತ್ರಮಿತ್ರ:
ತುಂಬಾ ಉಪಕಾರವಾಯಿತು. ಕನ್ನಡ ಬರಹ? ಒಬ್ಬರು ಗಟ್ಟಿಯಾಗಿ ಓದಿದರೆ ಆಗುತ್ತದೆಯೇ?

ಒತ್ತಕ್ಷರ:
ಆಗುತ್ತದೆ, ಆದರೆ ಅಳತೆಯಲ್ಲಿ. ಆರು ಸೆಕೆಂಡು ನಿಲ್ಲುವ ಬರಹಕ್ಕೆ 10-12 ಪದ ಮೀರಿದರೆ ಓದುಗರ ದನಿ ಮುಂದಿನ ದೃಶ್ಯದ ಮೇಲೆ ಬೀಳುತ್ತದೆ. ನಾಟಕದ ‘ಎಲೈ ಮಹಾರಾಜನೇ’ ಬೇಡ, ಸರಳ ಕನ್ನಡ ಸಾಕು. ಮಕ್ಕಳು ಹೆಚ್ಚಿದ್ದರೆ ಓದುವುದೇ ಮೇಲು.

ಸಬ್‌ಟೈಟಲ್ ಹಾಕುವುದಾದರೆ ಎರಡೇ ಸಾಲು, ಚಿತ್ರದ ಕೆಳಗಡೆ. ಕೆಲವು ಪ್ಲೇಯರುಗಳು ಒತ್ತಕ್ಷರ ಒಡೆಯುತ್ತವೆ: ‘ಪ್ರಾಣ’ದ ರಕಾರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ, ‘ಸೂರ್ಯ’ದ ಅರ್ಕಾವತ್ತು ಜಾಗ ತಪ್ಪುತ್ತದೆ. ಅದಕ್ಕೇ ಬರಹವನ್ನು ವಿಡಿಯೊದಲ್ಲೇ ಅಚ್ಚೊತ್ತಿಸಿ. ಅನುಮತಿ ಪತ್ರದಲ್ಲಿ ಇದನ್ನೂ ಸೇರಿಸಿ. ಆಮೇಲೆ ಅದೇ ಪ್ರೊಜೆಕ್ಟರಿನಲ್ಲಿ ಮೊದಲಿಂದ ಕೊನೆಯವರೆಗೆ ಒಮ್ಮೆ ಓಡಿಸಿ, ಹಿಂದಿನ ಸಾಲಿನಲ್ಲಿ ಕೂತು ಓದಿ ನೋಡಿ.