ಪದಚರ್ಚೆ: ಸೆಳವು ನಿಲ್ಲಿಸುವ ವಿದ್ಯುತ್ತಿಗೆ ‘ಪ್ರಚೋದನೆ’ ಎನ್ನಬಹುದೇ?

ಗೆಳೆಯರೇ,

ಮಿದುಳಿನ ನರಕೋಶಗಳ ಮಾದರಿಯಾಗಿ ಕಂಪ್ಯೂಟರಿನಲ್ಲಿ ಕಟ್ಟಿದ ನರಜಾಲಗಳಲ್ಲಿ ಸೆಳವಿನಂಥ, ಅಂದರೆ ಫಿಟ್ಸ್‌ನಂಥ, ಚಟುವಟಿಕೆಯನ್ನು ವಿದ್ಯುತ್ತಿನಿಂದ ತಡೆಯುವ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಹೀಗೆ ಹೊರಗಿನಿಂದ ವಿದ್ಯುತ್ತು ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸ್ಟಿಮ್ಯುಲೇಶನ್’ ಎಂಬಲ್ಲಿ ಲೇಖನಿ ನಿಂತಿದೆ.

‘ಪ್ರಚೋದನೆ’, ‘ಉದ್ದೀಪನ’ ಎರಡೂ ಬಳಕೆಯಲ್ಲಿವೆ, ಆದರೆ ಎರಡರಲ್ಲೂ ಕೆರಳಿಸುವ, ಹೊತ್ತಿಸುವ ಅರ್ಥವೇ ಮುಂದಿದೆ. ‘ಪ್ರಚೋದನಕಾರಿ ಭಾಷಣ’ ಎಂದು ಪತ್ರಿಕೆಗಳಲ್ಲಿ ಓದಿದವರಿಗೆ ‘ಪ್ರಚೋದನೆಯಿಂದ ಸೆಳವು ನಿಂತಿತು’ ಎಂಬ ವಾಕ್ಯ ತಿರುಗಾಮುರುಗಾ ಕೇಳಿಸದೇ?

ಆದರೆ ನಡೆಯುವುದು ಹಾಗೆಯೇ. ಇಂಥ ಕೆಲವು ಮಾದರಿಗಳಲ್ಲಿ ಜಾಲಕ್ಕೆ ಎರಡು ನೆಲೆಗಳಿರುತ್ತವೆ: ಒಂದು ಶಾಂತ, ಇನ್ನೊಂದು ಕೋಶಗಳೆಲ್ಲ ಒಂದೇ ಲಯದಲ್ಲಿ ಸಿಡಿಯುತ್ತ ಹೋಗುವ ನೆಲೆ. ಆ ಲಯದ ತಕ್ಕ ಘಟ್ಟದಲ್ಲಿ, ತಕ್ಕ ಬಲದಲ್ಲಿ ಒಂದು ಕಿರುವಿದ್ಯುತ್ತು ಬಿದ್ದರೆ ಜಾಲ ಶಾಂತವಾಗುತ್ತದೆ. ಬೇರೆ ಘಟ್ಟದಲ್ಲಿ ಬಿದ್ದರೆ ಲಯ ತುಸು ಹಿಂದುಮುಂದಾಗುತ್ತದೆ, ಅಷ್ಟೆ. ಶಾಂತ ಜಾಲಕ್ಕೆ ಕೊಟ್ಟರಂತೂ ಸಿಡಿತ ಶುರುವಾಗಲೂಬಹುದು. ನಿಜವಾದ ಮಿದುಳಿನಲ್ಲೂ ಇದನ್ನು ಕಂಡಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಮಿದುಳಿನ ಹೊರಪದರದ ಯಾವ ಭಾಗ ಏನು ಮಾಡುತ್ತದೆಂದು ಗುರುತಿಸಲು ಹಾಯಿಸುವ ವಿದ್ಯುತ್ತೇ ಕೆಲವೊಮ್ಮೆ ಸೆಳವಿನಂಥ ಅಲೆಗಳನ್ನು ಎಬ್ಬಿಸುತ್ತದೆ. ಅದೇ ವಿದ್ಯುತ್ತನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕೊಟ್ಟು ಆ ಅಲೆಗಳನ್ನು ನಿಲ್ಲಿಸಿದ್ದೂ ಇದೆ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಸಾಧನ ತಲೆಬುರುಡೆಯಲ್ಲೇ ಕೂತು, ಅಲೆಗಳನ್ನು ಗಮನಿಸಿ, ಬೇಕೆನಿಸಿದಾಗ ತಾನೇ ವಿದ್ಯುತ್ತು ಕೊಡುತ್ತದೆ. ಹಾಗಾಗಿ ಹೊತ್ತಿಸುವ ಅರ್ಥವೂ ಬೇಡ, ಆರಿಸುವ ಅರ್ಥವೂ ಬೇಡ. ಎರಡಕ್ಕೂ ಸಲ್ಲುವ ಪದ ಬೇಕು.

‘ಶಾಕ್’ ಖಂಡಿತ ಬೇಡ. ಮನೋರೋಗಕ್ಕೆ ಕೊಡುವ ಶಾಕ್ ಚಿಕಿತ್ಸೆಯಲ್ಲಿ ಸೆಳವನ್ನು ಬೇಕೆಂದೇ ಬರಿಸುತ್ತಾರೆ. ‘ಮಿಡಿತ’ ಚೆನ್ನಾಗಿದೆ, ಆದರೆ ಅದು ಎದೆಯಂತೆ ತಾನಾಗಿ ಮಿಡಿಯುವುದಕ್ಕೆ ಒಪ್ಪುತ್ತದೆ, ಹೊರಗಿನಿಂದ ಕೊಡುವುದಕ್ಕಲ್ಲ. ನನ್ನ ಒಲವು ‘ಮೀಟು’ವಿನತ್ತ. ತಂತಿ ಮೀಟುತ್ತೇವೆ, ಹಾರೆಯಿಂದ ಕಲ್ಲನ್ನೂ ಮೀಟುತ್ತೇವೆ. ಹೊರಗಿನ ಒಂದು ಚುಟುಕು ಬಲ, ಕೂತಲ್ಲಿಂದ ಕದಲಿಸುವ ಬಲ, ಎರಡೂ ಅದರಲ್ಲಿವೆ. ‘ವಿದ್ಯುತ್ ಮೀಟು’ ಎಂದರೆ ಓದುಗರಿಗೆ ಹಿಡಿಸೀತೇ?

ಇನ್ನೊಂದು ಸಣ್ಣ ಸಂದೇಹ. ಮಾದರಿಯ ಜಾಲಕ್ಕೆ ಕೈಕಾಲಿಲ್ಲ, ಪ್ರಜ್ಞೆಯಿಲ್ಲ. ಆದ್ದರಿಂದ ‘ಮೂರ್ಛೆ’, ‘ಅಪಸ್ಮಾರ’ ಬಿಟ್ಟು ‘ಸೆಳವಿನಂಥ ಚಟುವಟಿಕೆ’ ಎಂದು ಬರೆದಿದ್ದೇನೆ. ನಿಮ್ಮ ಊರಿನ ಕಡೆ ‘ಸೆಳವು’ ಎಂದರೆ ಹೊಳೆಯ ಸೆಳೆತವೇ ಮೊದಲು ಹೊಳೆಯುತ್ತದೆಯೇ, ಅಥವಾ ಕಾಯಿಲೆಯೇ? ತಿಳಿಸಿ.